ಬಟ್ಟೆ ಹೇಳಿದ ದಿಕ್ಕು

ಎಡಕ್ಕೋ, ಬಲಕ್ಕೋ?

ಬಲಕ್ಕೇ ಇರಬೇಕು. ಗುಂಡು ತಗುಲಿದ ಪ್ರಾಣಿ ನೆರಳು ಹುಡುಕುತ್ತದೆ. ನೆರಳಿರುವುದು ಬಲಗಡೆ, ಓಕ್ ಮರಗಳ ಸಾಲಿನಲ್ಲಿ. ಆದರೆ ಎಡಗಡೆ, ಕೆಂಪು ಬಂಡೆಯ ಕೆಳಗಿನ ಕೊರಕಲಿನಲ್ಲಿ, ಈಗಷ್ಟೇ ಏನೋ ಮಿಸುಕಿದಂತಾಯಿತಲ್ಲ? ಮಿಸುಕಿತೇ? ಇಲ್ಲವೇ ಒಣಹುಲ್ಲು ಗಾಳಿಗೆ ತಲೆಯಾಡಿಸಿತೇ? ಅದೂ ಅಲ್ಲದಿದ್ದರೆ ತನ್ನ ಕಣ್ಣೇ ಏನಾದರೂ ಆಟ ಹೂಡಿತೇ?

ಹಸಿಂತೊ ದುರ್ಬೀನಿನಿಂದ ಮುಖ ತೆಗೆದು ಕಣ್ಣು ಗಟ್ಟಿಯಾಗಿ ಮುಚ್ಚಿದ. ಹತ್ತು ಎಣಿಸಿ ತೆರೆದು, ಮತ್ತೆ ಗಾಜಿಗೆ ಒಡ್ಡಿದ. ನಡುಮಧ್ಯದಲ್ಲಿ ಅದೇ ಪತಂಗ ಕೂತಿತ್ತು.

ನೋಟದ ನಡುವಿನ ಆ ಕಲೆಯನ್ನು ಅವನು ಮನಸ್ಸಿನಲ್ಲೇ ಪತಂಗವೆಂದು ಕರೆಯುತ್ತಿದ್ದ. ಬೂದಿ ಬಣ್ಣದ್ದು. ಎರಡು ಚಳಿಗಾಲದ ಹಿಂದೆ ಹುರುಳಿಕಾಳಿನಷ್ಟಿದ್ದದ್ದು ಈಗ ಅಂಗೈ ಅಗಲ. ಯಾವುದನ್ನು ನೇರವಾಗಿ ನೋಡಿದರೂ ಹಾರಿಬಂದು ಅದರ ಮೇಲೇ ಕೂರುತ್ತಿತ್ತು. ಪಕ್ಕಕ್ಕೆ ದೃಷ್ಟಿ ಹೊರಳಿಸಿದರೆ ಮಾತ್ರ ಆ ವಸ್ತು ಓರೆಯಲ್ಲಿ, ಕದ್ದು ನೋಡಿದಂತೆ, ಒಂದಿಷ್ಟು ಕಾಣುತ್ತಿತ್ತು. ಹೆಂಡತಿಯ ಮುಖವನ್ನು ನೋಡಬೇಕಾದರೆ ಅವನು ಈಗ ಅವಳ ಕಿವಿಯತ್ತ ನೋಡುತ್ತಿದ್ದ.

ಕಣಿವೆಯ ಆಚೆ, ಎದುರುಗುಡ್ಡದ ನಡುವಿನಲ್ಲಿ, ನಬೋರ್ ನಿಂತಿದ್ದ. ಅವನ ತಲೆಯ ಮೇಲಿನ ಬಂಡೆಯನ್ನು ನೋಡಿದಾಗ ಹಸಿಂತೊಗೆ ಅವನು ಕಂಡ. ಟೋಪಿ ತೆಗೆದು ಎತ್ತಿ ಹಿಡಿದಿದ್ದಾನೆ. ಎತ್ತಿದ ಟೋಪಿ ಎಂದರೆ ಪ್ರಶ್ನೆ: ಯಾವ ಕಡೆ?

ಉತ್ತರ ಹಸಿಂತೊನ ತೊಡೆಯ ಮೇಲಿತ್ತು. ಹಿಟ್ಟಿನ ಚೀಲವನ್ನು ಬಿಚ್ಚಿ ಒಗೆದು ಮಾಡಿದ ಬಿಳಿ ಬಟ್ಟೆ. ಎಡಕ್ಕೆ ಚಾಚಿದರೆ ಎಡ, ಬಲಕ್ಕೆ ಚಾಚಿದರೆ ಬಲ. ತಲೆಯ ಮೇಲೆ ಹಿಡಿದರೆ, ನಿಲ್ಲು, ಕಾಲಡಿಯಲ್ಲೇ ಇದೆ. ಸುತ್ತಲೂ ತಿರುಗಿಸಿದರೆ, ಕಳೆದುಹೋಯಿತು, ನನಗೆ ಗೊತ್ತಿಲ್ಲ, ವಾಪಸು ಬಾ.

ಇಪ್ಪತ್ತೆರಡು ವರ್ಷಗಳಲ್ಲಿ ಹಸಿಂತೊ ಒಮ್ಮೆಯೂ ಬಟ್ಟೆಯನ್ನು ಸುತ್ತಲೂ ತಿರುಗಿಸಿದವನಲ್ಲ.

ಈ ಗುಡ್ಡಗಳಲ್ಲಿ ಬಿಳಿಬಾಲದ ಜಿಂಕೆಯನ್ನು ಕಾಲಿನಿಂದ ಹುಡುಕುವವನು ಮೂರ್ಖ. ಕಲ್ಲಿನ ಬಣ್ಣ, ಒಣಹುಲ್ಲಿನ ಬಣ್ಣ ಎಲ್ಲವನ್ನೂ ಅದು ಮೈಮೇಲೆ ಹೊದ್ದಿರುತ್ತದೆ. ಒಬ್ಬ ಈಚೆ ಕೂತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಇನ್ನೊಬ್ಬ ಆಚೆ ನಡೆಯಬೇಕು. ಆಚೆ ಹೋದವನಿಗೆ ಕಲ್ಲು, ಕತ್ತಾಳೆ, ಪಾಪಾಸುಕಳ್ಳಿ ಬಿಟ್ಟರೆ ಏನೂ ಕಾಣುವುದಿಲ್ಲ. ಈಚೆಯಿಂದ ಗುರುತಿಟ್ಟುಕೊಂಡ ಬಂಡೆ ಕೂಡ ಅಲ್ಲಿ ಹೋದ ಮೇಲೆ ಬೇರೆಯೇ ಬಂಡೆಯಾಗಿರುತ್ತದೆ. ಅದಕ್ಕೇ ಅಲ್ಲಿಯ ಹಿರಿಯರು ಮಾಡಿಟ್ಟ ಕಟ್ಟಳೆ ಒಂದೇ: ನಡೆಯುವವನಿಗೆ ಕಣ್ಣಿಲ್ಲ, ಬಟ್ಟೆಯೇ ಅವನ ಕಣ್ಣು.

ಬೆಳಿಗ್ಗೆ ಗುಡ್ಡ ಹತ್ತುವಾಗ ನಬೋರ್ ಎಂದಿನಂತೆ ಮಾತಿನ ಮಳೆ ಸುರಿಸಿದ್ದ.

"ಕಂಪಾದ್ರೆ, ಗೊತ್ತಾ? ನಿಮ್ಮ ಕಣ್ಣಿಗೆ ಹೆದರಿ ಈ ಸಲ ಜಿಂಕೆಗಳು ಹಗಲಲ್ಲಿ ಉಚ್ಚೆ ಹೊಯ್ಯೋದೇ ಬಿಟ್ಟಿವೆಯಂತೆ."

"ಸಾಕು ನಡೀರಿ. ಉಸಿರು ಉಳಿಸ್ಕೊಳ್ಳಿ."

"ಉಸಿರೇನು, ಬೇಕಾದಷ್ಟಿದೆ. ಮೊಣಕಾಲು ಹೋಗಿರೋದು ನಿಮ್ಮದು, ನಂದಲ್ಲ."

ಇಬ್ಬರೂ ಒಂದೇ ಬೀದಿಯಲ್ಲಿ, ಏಕವಚನದಲ್ಲೇ ಬೈದಾಡಿಕೊಂಡು ಬೆಳೆದವರು. ನಬೋರ್‌ನ ಮಗಳು ರೇನಾಳ ದೀಕ್ಷಾಸ್ನಾನಕ್ಕೆ ಹಸಿಂತೊ ಧರ್ಮಪಿತನಾಗಿ ನಿಂತ ದಿನ ಅವರು ಕಂಪಾದ್ರೆಗಳಾದರು. ಸಿಯೆರ್ರಾದ ಈ ಬೆಟ್ಟಸೀಮೆಯಲ್ಲಿ ಕಂಪಾದ್ರೆಯನ್ನು ಯಾರೂ ನೀನು ಎನ್ನುವುದಿಲ್ಲ. ಅಂದಿನಿಂದ ಹತ್ತೊಂಬತ್ತು ವರ್ಷ, ಕುಡಿದಾಗಲೂ, ಜಗಳವಾಡಿದಾಗಲೂ, ನೀವು ಎಂದೇ ಕರೆದುಕೊಂಡಿದ್ದರು.

ಗುಡ್ಡವೆಲ್ಲ ಧಣಿ ದೊನ್ ಕ್ರಿಸ್ಪಿನ್‌ನದು. ಪ್ರತಿ ಜನವರಿ, ಹೊರಗಿನ ಬೇಟೆಗಾರರು ಬರುವ ಮುಂಚೆ, ಅವನು ತನ್ನ ಆಳುಗಳಿಗೆ ಒಂದು ಗಂಡು ಜಿಂಕೆಯನ್ನು ಹೊಡೆಯಲು ಬಿಡುತ್ತಿದ್ದ. ಊಟಕ್ಕೆಂದು ಹೆಸರು, ಪರೀಕ್ಷೆಯೆಂದು ಎಲ್ಲರಿಗೂ ಗೊತ್ತು. ಈ ಸಲ ಅವನು ಸುತ್ತಿ ಬಳಸಿ ಮಾತಾಡಿರಲಿಲ್ಲ. "ಹೋದ ವರ್ಷ ನೀನು ತೋರಿಸಿದ ಎರಡು ಜಿಂಕೆ ಕಲ್ಲಾಗಿದ್ವು, ಹಸಿಂತೊ. ವಯಸ್ಸಾಯ್ತು ಅನ್ಸಿದ್ರೆ ಹೇಳಿಬಿಡು, ಬೇರೆಯವರನ್ನ ಕೂರಿಸ್ತೀನಿ." ವಯಸ್ಸಲ್ಲ ದೊನ್, ಬಿಸಿಲಝಳ ಎಂದಿದ್ದ ಹಸಿಂತೊ. ಕುದುರೆಯಿಂದ ಬಿದ್ದ ಮೇಲೆ ಅವನಿಂದ ದನ ಕಾಯಲಾಗುತ್ತಿರಲಿಲ್ಲ, ಬೇಲಿ ಕಟ್ಟಲಾಗುತ್ತಿರಲಿಲ್ಲ. ಈ ಬಂಡೆಯ ಮೇಲೆ ಕೂತು ನೋಡುವುದೊಂದೇ ಉಳಿದಿತ್ತು. ಅದೂ ಹೋದರೆ ತಾನು ಯಾರು ಎನ್ನುವುದು ಅವನಿಗೆ ತಿಳಿಯದು.

ಬೆಳಗಿನ ಜಿಂಕೆಯನ್ನು ಕಂಡದ್ದೂ ನಬೋರನೇ. ಹಸಿಂತೊ "ಹ್ಞೂ, ಆಗಲೇ ನೋಡಿದೆ" ಎಂದಿದ್ದ. ನಬೋರ್ ಗುಂಡು ಹಾರಿಸಿದ. ಜಿಂಕೆ ಬೆನ್ನು ಬಾಗಿಸಿ ಜಿಗಿಯಿತು, ಬಾಲದ ಬಿಳಿ ಒಮ್ಮೆ ಮಿಂಚಿತು. ಅಷ್ಟನ್ನು ಹಸಿಂತೊ ಓರೆಯಲ್ಲಿ ನಿಜವಾಗಿಯೂ ಕಂಡ. ಸಂತೋಷ ತಡೆಯಲಾರದೆ ನೇರವಾಗಿ ನೋಡಿದ. ಪತಂಗ ಕೂತಿತು. ಅದು ಎದ್ದಾಗ ಗುಡ್ಡ ಖಾಲಿಯಾಗಿತ್ತು.

"ಕಣ್ಣು ಕೀಳಬೇಡಿ ಕಂಪಾದ್ರೆ, ನಾನು ಹೋಗ್ತೀನಿ" ಎಂದು ನಬೋರ್ ಬಂದೂಕು ಹೆಗಲಿಗೇರಿಸಿ ಇಳಿದಿದ್ದ. ಹೇಸರಗತ್ತೆಯನ್ನು ಕೆಳಗೆ ಹಳ್ಳದಲ್ಲಿ ಕಟ್ಟಿ, ಆಚೆ ಹತ್ತಲು ಅವನಿಗೆ ಒಂದೂವರೆ ಗಂಟೆ ಹಿಡಿದಿತ್ತು. ಅಷ್ಟು ಹೊತ್ತೂ ಹಸಿಂತೊ ಏನೂ ಇಲ್ಲದ ಗುಡ್ಡವನ್ನು ನೋಡುತ್ತ ಕೂತಿದ್ದ.

ಈಗ ಟೋಪಿ ಇನ್ನೂ ಮೇಲೇ ಇತ್ತು.

ಬಟ್ಟೆಯನ್ನು ಸುತ್ತಲೂ ತಿರುಗಿಸಲು ಅವನು ಕೈ ಎತ್ತಿದ. ಭುಜದವರೆಗೆ ಎತ್ತಿದ. ಆಗ ನಬೋರ್ ಸಂಜೆ ಧಣಿಯ ಅಡುಗೆಮನೆಯಲ್ಲಿ ನಗುತ್ತ ಹೇಳಲಿರುವುದು ಈಗಲೇ ಕಿವಿಗೆ ಕೇಳಿಸಿತು: ಇವತ್ತು ಮೊದಲ ಸಲ ಕಂಪಾದ್ರೆಗೂ ತಪ್ಪಿಹೋಯ್ತು ನೋಡಿ. ಕೆಡುಕಿಲ್ಲದ ನಗು. ಅದನ್ನು ಕೇಳುವ ದೊನ್ ಕ್ರಿಸ್ಪಿನ್ ಮಾತ್ರ ನಗುವುದಿಲ್ಲ.

ಎಡಗಡೆ ಏನೋ ಮಿಸುಕಿತ್ತು. ಮಿಸುಕಿರಲೇಬೇಕು.

ಹಸಿಂತೊ ಬಟ್ಟೆಯನ್ನು ಎಡಕ್ಕೆ ಚಾಚಿದ.

ನಬೋರ್ ತಕ್ಷಣ ಹೊರಡಲಿಲ್ಲ. ಬಲಗಡೆ ನಾಲ್ಕು ಹೆಜ್ಜೆ ಹೋಗಿ, ಬಗ್ಗಿ, ನೆಲ ನೋಡಿದಂತಿತ್ತು. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದು ಟೋಪಿಯನ್ನು ಮತ್ತೆ ಎತ್ತಿದ.

ಅವನಿಗೇನೋ ಸಿಕ್ಕಿದೆ ಎಂದು ಹಸಿಂತೊಗೆ ಹೊಳೆಯಿತು. ಈಗಲಾದರೂ ಬದಲಾಯಿಸಬಹುದು. ಆದರೆ ಎಡ ಎಂದು ಮರುಕ್ಷಣ ಬಲ ಎಂದರೆ, ಅದೂ ಗೊತ್ತಿಲ್ಲ ಎಂದ ಹಾಗೆಯೇ. ಕೈ ತನ್ನಷ್ಟಕ್ಕೆ ತಾನೇ ಮತ್ತೆ ಎಡಕ್ಕೆ ಚಾಚಿಕೊಂಡಿತು, ಮೊದಲಿಗಿಂತ ಬಿಗಿಯಾಗಿ.

ನಬೋರ್ ಟೋಪಿ ಹಾಕಿಕೊಂಡ. ಎಡಕ್ಕೆ ನಡೆದ. ಕೊರಕಲಿಗೆ ಇಳಿದ.

ಮೊದಲು ನೋಟಕ್ಕೆ ಸಿಕ್ಕಿದ್ದು ದೂಳು. ಸದ್ದು ಕಣಿವೆ ದಾಟಿ ಬರಲು ತುಸು ತಡವಾಯಿತು. ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದು, ಗೋಣಿಯಿಂದ ಜೋಳ ಸುರಿದಂತೆ. ಆಮೇಲೆ ಒಂದು ಕಲ್ಲು ಮಾತ್ರ, ತಡವಾಗಿ. ಆಮೇಲೆ ಅದೂ ಇಲ್ಲ.

"ಕಂಪಾದ್ರೇ!"

ಗುಡ್ಡ ಅವನದೇ ಕೂಗನ್ನು ಅವನಿಗೆ ಹಿಂದಿರುಗಿಸಿತು. ದುರ್ಬೀನಿನಲ್ಲಿ ಕೊರಕಲನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಡಕಿದ. ಎಲ್ಲಿ ನೋಡಿದರೂ ಪತಂಗ. ಒಬ್ಬ ಮನುಷ್ಯ, ನೀಲಿ ಅಂಗಿ ತೊಟ್ಟ ಆರಡಿ ಆಳು, ಅಲ್ಲೇ ಎಲ್ಲೋ ಇದ್ದಾನೆ. ಅವನನ್ನು ಕಾಣುವ ಶಕ್ತಿ ಈ ಕಣ್ಣಿಗಿಲ್ಲ. ದುರ್ಬೀನನ್ನು ಅದರ ಮುಕ್ಕಾಲಿಯ ಮೇಲೆಯೇ ಬಿಟ್ಟು, ಬಟ್ಟೆ ಮತ್ತು ನೀರಿನ ಬುರುಡೆ ಕೊರಳಿಗೆ ಹಾಕಿಕೊಂಡು ಅವನು ಇಳಿಯತೊಡಗಿದ.

ಕೆಟ್ಟ ಮೊಣಕಾಲು ಪ್ರತಿ ಹೆಜ್ಜೆಗೂ ಕಿರುಚಿತು. ಇಳಿಜಾರಿನಲ್ಲಿ ಎರಡು ಸಲ ಕುಂಡೆಯ ಮೇಲೆ ಜಾರಿದ. ಅಂಗೈಗೆ ಕಳ್ಳಿಮುಳ್ಳು ನೆಟ್ಟವು, ಕೀಳಲು ನಿಲ್ಲಲಿಲ್ಲ. ಸಾಯಬೇಡ, ಸಾಯಬೇಡ ಎಂಬ ಒಂದೇ ಮಾತು ಕಾಲಿನ ಲಯಕ್ಕೆ ಕೂಡಿಕೊಂಡಿತ್ತು. ನೀವು ಎನ್ನಲು ಮರೆತಿದ್ದು ಅವನ ಗಮನಕ್ಕೆ ಬರಲಿಲ್ಲ. ಸತ್ತರೆ ಏನು ಹೇಳುವುದು, ಯಾರಿಗೆ? ನಬೋರ್‌ನ ಹೆಂಡತಿ ಚಾಯೊ ಮಾಡುವ ಮೊದಲ ಪ್ರಶ್ನೆಯೇ, ನೀವು ನೋಡ್ತಾ ಇರಲಿಲ್ಲವಾ ಎನ್ನುವುದು.

ಕೊರಕಲಿನ ಬಾಯಿ ಮುಟ್ಟುವಾಗ ಸೂರ್ಯ ನೆತ್ತಿಯಿಂದ ಜಾರಿದ್ದ. ಹಸಿಂತೊ ನಿಂತು ಕಣ್ಣು ಮುಚ್ಚಿದ. ನೋಡಿ ಸಿಗುವುದಿಲ್ಲವೆಂದು ಗೊತ್ತಿತ್ತು. ಕಿವಿಗೊಟ್ಟ. ಬಹಳ ಹೊತ್ತಿನ ಮೇಲೆ ಎಡಗಡೆ, ಮೇಲ್ಗಡೆ, ಹಲ್ಲಿನ ನಡುವಿನಿಂದ ಬಂದ ಸಣ್ಣ ಸಿಳ್ಳು ಕೇಳಿತು.

ನಬೋರ್ ಒಂದು ಬಂಡೆಗೆ ಒರಗಿ ಕೂತಂತಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಕಲ್ಲಿನಡಿ ಸಿಕ್ಕಿತ್ತು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಹಸಿಂತೊ," ಎಂದ. "ಬಂದ್ಯಾ? ನನ್ನ ಬಿಟ್ಟು ಹೋಗ್ಬೇಡ ಕಣೋ."

ಹತ್ತೊಂಬತ್ತು ವರ್ಷದ ಮೇಲೆ ಕೇಳಿದ ಆ ಏಕವಚನ ಹಸಿಂತೊನ ಎದೆಗೆ ಕಲ್ಲಿಗಿಂತ ಜೋರಾಗಿ ಬಡಿಯಿತು.

"ಎಲ್ಲೂ ಹೋಗಲ್ಲ. ಹಲ್ಲು ಕಚ್ಕೋ."

ಕಲ್ಲನ್ನು ಎತ್ತಲು ಬೆನ್ನು ಕೊಟ್ಟ, ಆಗಲಿಲ್ಲ. ನಬೋರ್‌ನ ಬಂದೂಕಿನ ನಳಿಗೆಯನ್ನು ಸಂದಿಗೆ ತೂರಿಸಿ ಮೀಟಿದ. ನಳಿಗೆ ಬಾಗಿತು, ಕಲ್ಲು ಹೊರಳಿತು. ನಬೋರ್ ಕೂಗಿದ ಕೂಗಿಗೆ ಮೇಲಿನ ಬಂಡೆಯಿಂದ ಕಾಗೆಗಳೆದ್ದವು. ಕಾಲು ಇರಬೇಕಾದ ರೂಪದಲ್ಲಿರಲಿಲ್ಲ. ಎರಡು ಒಣ ಕತ್ತಾಳೆ ದಂಟನ್ನು ಮುರಿದು ಅಕ್ಕಪಕ್ಕ ಇಟ್ಟು, ಬಿಳಿ ಬಟ್ಟೆಯನ್ನು ಹಲ್ಲಿನಿಂದ ಸೀಳಿ ಕಟ್ಟಿದ. ಬಟ್ಟೆ ಬಿಳಿಯಾಗಿ ಉಳಿಯಲಿಲ್ಲ.

ನೀರು ಕುಡಿದ ಮೇಲೆ ನಬೋರ್‌ಗೆ ಮಾತು ಮರಳಿತು, ಮಾತಿನ ಜೊತೆ ಬಹುವಚನವೂ.

"ಕಂಪಾದ್ರೆ, ಒಂದು ಹೇಳ್ಲಾ? ಬಲಗಡೆ ನಂಗೆ ರಕ್ತ ಸಿಕ್ಕಿತ್ತು."

ಹಸಿಂತೊ ಗಂಟು ಬಿಗಿಯುತ್ತಲೇ ಇದ್ದ.

"ಹಸಿ ರಕ್ತ ಅನ್ಸ್ತು. ಆದ್ರೆ ನೀವು ಎಡ ಅಂದ್ರಿ. ಎರಡು ಸಲ ಅಂದ್ರಿ. ನಾನು ಅಂದ್ಕೊಂಡೆ, ಮುದುಕ ಅಲ್ಲಿಂದ ಪ್ರಾಣಿನೇ ನೋಡ್ತಿದ್ದಾನೆ, ನಾನೇನು ಹನಿ ಹಿಡ್ಕೊಂಡು ವಾದ ಮಾಡೋದು."

"ಮಾತಾಡ್ಬೇಡಿ. ಸುಸ್ತಾಗುತ್ತೆ."

"ಸುಸ್ತಾಗಿರೋದು ಕಾಲಿಗೆ, ಬಾಯಿಗಲ್ಲ."

ಹಳ್ಳದವರೆಗೆ ಅವನನ್ನು ಅರ್ಧ ಹೊತ್ತು, ಅರ್ಧ ಎಳೆದು ತಂದ. ಹೇಸರಗತ್ತೆಯ ಮೇಲೆ ಕೂರಿಸಿ, ಸೊಂಟಕ್ಕೆ ಹಗ್ಗ ಬಿಗಿದ. ನಬೋರ್ ಅದರ ಕತ್ತಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದ. ಬಿಸಿಲು ಇನ್ನೂ ಇತ್ತು. ಹಸಿಂತೊ ಅದರ ಹಗ್ಗ ಹಿಡಿದು ಮುಂದೆ ನಡೆದ.

"ಕಂಪಾದ್ರೆ. ರಣಹದ್ದು ಇಳೀತಿದ್ಯಾ ನೋಡಿ. ಪಾಪ, ಆ ಜೀವ ಸುಮ್ಮನೆ ಕೊಳೀಬಾರ್ದು. ಯಾರನ್ನಾದ್ರೂ ಕಳಿಸಿ ತರಿಸೋಣ."

ಹಸಿಂತೊ ತಲೆಯೆತ್ತಿದ. ನೇರ ನೋಡಿದಾಗ ಆಕಾಶ ಬರಿದಾಗಿತ್ತು. ಮುಖವನ್ನು ನಿಧಾನವಾಗಿ ಪಕ್ಕಕ್ಕೆ ಹೊರಳಿಸಿದ. ಆಗ ಕಣ್ಣಂಚಿನಲ್ಲಿ ಆರೇಳು ಕಪ್ಪು ಚುಕ್ಕೆಗಳು ಬಂದು ಸೇರಿಕೊಂಡವು, ಸುತ್ತುತ್ತಿದ್ದವು, ಒಂದೊಂದಾಗಿ ಇಳಿಯುತ್ತಿದ್ದವು. ಓಕ್ ಮರಗಳ ಸಾಲಿನ ಮೇಲೆ. ಬಲಗಡೆ.

"ಕಾಣಿಸ್ತಾ?"

"ಕಾಣಿಸ್ತು."

"ಯಾವ ಕಡೆ?"

ಹೇಸರಗತ್ತೆ ಹತ್ತು ಹೆಜ್ಜೆ ಹಾಕಿತು.

"ಎಡಗಡೆ," ಎಂದ ಹಸಿಂತೊ.

ನಬೋರ್ ಕಣ್ಣು ತೆರೆಯದೆಯೇ ಉಸಿರು ಬಿಟ್ಟ. ನೋವಿನ ನಡುವೆ ಅದು ನಗುವಿನಂತಿತ್ತು. "ನೋಡಿದ್ರಾ. ನಾನು ಪೆದ್ದ. ಅದು ಯಾವುದೋ ಹಳೇ ರಕ್ತ."

ಪಟ್ಟಣದ ಆಸ್ಪತ್ರೆಯಲ್ಲಿ ನಬೋರ್‌ನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ದೊನ್ ಕ್ರಿಸ್ಪಿನ್ ನೋಡಲು ಬಂದಾಗ ಹಾಸಿಗೆಯ ಕಾಲ್ದೆಸೆಯಲ್ಲಿ ಹಸಿಂತೊ ಟೋಪಿ ಹಿಡಿದು ನಿಂತಿದ್ದ. ಹೇಗಾಯ್ತು ಎಂದು ಕೇಳಿದ್ದಕ್ಕೆ ನಬೋರನೇ ಉತ್ತರ ಕೊಟ್ಟ: "ಬಟ್ಟೆ ಸರಿಯಾಗೇ ಇತ್ತು, ದೊನ್. ಹೆಜ್ಜೆ ನಂದು ತಪ್ಪಿದ್ದು." ದೊನ್ ಕ್ರಿಸ್ಪಿನ್ ಹಸಿಂತೊನ ಕಡೆ ನೋಡಿದ. ಹಸಿಂತೊ ನೆಲದ ಕಡೆ ನೋಡಿದ. ಅದನ್ನು ದುಃಖವೆಂದು ತಿಳಿದ ಧಣಿ ಅವನ ಭುಜ ತಟ್ಟಿ, "ಈ ವರ್ಷವೂ ಬಂಡೆ ನಿಂದೇ" ಎಂದು ಹೊರಟುಹೋದ.

ಬೇಟೆಗಾರರು ಬರುವ ಹಿಂದಿನ ಸಂಜೆ ಹಸಿಂತೊ ನಬೋರ್‌ನ ಮನೆಗೆ ಹೋದ. ನಬೋರ್ ಜಗುಲಿಯಲ್ಲಿ ಕೂತು ಮೆಸ್ಕೀಟ್ ಮರದ ಊರುಗೋಲನ್ನು ಕತ್ತಿಯಿಂದ ಸವರುತ್ತಿದ್ದ. ಚಾಯೊ ಕಾಫಿ, ತೋರ್ತಿಯಾ ರೊಟ್ಟಿ, ಒಣಮಾಂಸ ತಂದಿಟ್ಟಳು. ಹಸಿಂತೊನ ತಟ್ಟೆಗೆ ತುಸು ಹೆಚ್ಚೇ ಬಡಿಸಿ, "ನೀವಿಲ್ಲದಿದ್ರೆ ಇವರು ಅಲ್ಲೇ ಒಣಗಿಹೋಗ್ತಿದ್ರು, ಕಂಪಾದ್ರೆ" ಎಂದು ಒಳಗೆ ಹೋದಳು. ಅವನು ತುತ್ತನ್ನು ಬಾಯಲ್ಲಿಟ್ಟುಕೊಂಡೇ ಕೂತಿದ್ದ.

"ನಾಳೆ ಲೆಯಾಂದ್ರೊ ನಡೀತಾನಂತಲ್ಲ ನನ್ನ ಬದಲು?" ನಬೋರ್ ಕೇಳಿದ.

"ಹ್ಞೂ."

"ಒಳ್ಳೆಯವನು. ಮೂರು ಮಕ್ಕಳ ತಂದೆ, ಹುಡುಗಾಟ ಇಲ್ಲ. ಬಂದಿದ್ದ ಇಲ್ಲಿಗೆ. ಚೆನ್ನಾಗಿ ಹೇಳಿ ಕಳಿಸಿದೀನಿ. ನಿನ್ನ ಕಣ್ಣು ಮನೇಲಿ ಬಿಟ್ಟು ಹೋಗು, ಕಂಪಾದ್ರೆ ಬಟ್ಟೆ ಎಲ್ಲಿಗೆ ಅನ್ನುತ್ತೋ ಅಲ್ಲಿಗೆ ನಡಿ, ನನ್ನ ಹಾಗೆ ನೆಲ ನೋಡ್ಕೊಂಡು ಅನುಮಾನ ಪಡಬೇಡ ಅಂತ." ಕತ್ತಿಯನ್ನು ಒರೆಸಿ ಪಕ್ಕಕ್ಕಿಟ್ಟ. "ಚಾಯೊ ಹೊಸ ಬಟ್ಟೆ ಹೊಲಿದಿಟ್ಟಿದ್ದಾಳೆ ನಿಮಗೆ. ಹೋಗೋವಾಗ ಮರೀಬೇಡಿ."

ಮಡಿಸಿದ ಬಟ್ಟೆ ಕಿಟಕಿಯ ಮೇಲಿತ್ತು. ಹಸಿಂತೊ ಅದನ್ನು ನೇರವಾಗಿ ನೋಡಿದ. ಕಿಟಕಿಯೂ ಮಾಯವಾಯಿತು.

"ಒಂದು ಮಾತು ಕೇಳ್ಬೇಕು ಅಂತಿದ್ದೆ. ಮಲಗಿದಲ್ಲಿ ಅದೇ ಯೋಚನೆ," ಎಂದ ನಬೋರ್. "ಆ ಗಂಡು. ಕೊರಕಲಲ್ಲಿ ನಿಮಗೆ ಕಾಣಿಸ್ತಲ್ಲ. ಕೊಂಬು ಹೇಗಿತ್ತು? ನಾನು ಕಾಲು ಕೊಟ್ಟದ್ದಕ್ಕೆ ತಕ್ಕ ಹಾಗಿತ್ತಾ?"

ಲೆಯಾಂದ್ರೊನ ಮೂರು ಮಕ್ಕಳ ಹೆಸರನ್ನು ಹಸಿಂತೊ ನೆನಪಿಸಿಕೊಳ್ಳಲು ಯತ್ನಿಸಿದ. ಎರಡು ನೆನಪಾದವು. ಮಾತು ನಾಲಿಗೆಯ ತುದಿಯವರೆಗೆ ಬಂತು, ಅಲ್ಲಿ ಒಣಮಾಂಸದ ತುತ್ತಿನ ಜೊತೆ ನಿಂತಿತು. ಅವನು ನುಂಗಿದ.

"ನಾಲ್ಕು ಕವಲು," ಎಂದ. "ಅಗಲವಾಗಿತ್ತು."

"ನಾಲ್ಕು ಕವಲು!" ನಬೋರ್ ತೊಡೆ ತಟ್ಟಿದ. "ಚಾಯೊ, ಕೇಳಿಸ್ತೇನೇ? ನಾಲ್ಕು ಕವಲಂತೆ!"

ಹಸಿಂತೊ ಕಾಫಿ ಮುಗಿಸಿ ಎದ್ದ. ಕಿಟಕಿಯ ಅಂಚನ್ನು ತಡವಿ ಬಟ್ಟೆಯನ್ನು ತೆಗೆದುಕೊಂಡ.

ಎಡಗಡೆ ತನಗೆ ಏನೂ ಕಂಡಿರಲಿಲ್ಲ ಎಂದು ಅವನು ನಬೋರ್‌ಗೆ ಹೇಳಲಿಲ್ಲ; ಅಂದೂ ಇಲ್ಲ, ಆಮೇಲೂ ಇಲ್ಲ.