ಆಕೆ ತವರಿಗೆ ಹೋಗಿರಲಿಲ್ಲ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನಾನು ಒಂದು ಮೈಕು. ಬದುಕಿಡೀ ಬೇರೆಯವರ ಮಾತನ್ನು ದೊಡ್ಡದು ಮಾಡಿ ಕೇಳಿಸಿದ್ದೇನೆಯೇ ಹೊರತು ಸ್ವಂತ ಮಾತು ಆಡಿ ರೂಢಿಯಿಲ್ಲ. ನನ್ನ ಓದೂ ಅಷ್ಟಕ್ಕಷ್ಟೆ. ಗಿರಣಿ ಕೆಲಸಗಾರರಿಗೆ ಸಂಜೆ ಹೊತ್ತು ನಡೆಯುತ್ತಿದ್ದ ಕನ್ನಡ ಶಾಲೆಯ ಮೂಲೆಯಲ್ಲಿ ನಿಂತು ಕಲಿತದ್ದು. ಎಲ್ಲಾದರೂ ತಪ್ಪಿದರೆ ತಿದ್ದಿಕೊಂಡು ಓದಬೇಕು. ಇಷ್ಟೆಲ್ಲ ಅಳುಕು ಇದ್ದೂ ಬಾಯಿ ತೆರೆಯುತ್ತಿರುವುದಕ್ಕೆ ಕಾರಣವಿದೆ. ಒಂದು ಸಂಜೆ ನಡೆದದ್ದನ್ನು ಆ ಊರು ಇಂದಿಗೂ ತಪ್ಪಾಗಿ ಹೇಳುತ್ತಿದೆ. ಆ ಹೊತ್ತಿನಲ್ಲಿ ಆಕೆಯ ಬಾಯಿಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ನಾನು. ಸುಮ್ಮನಿರಲಾರೆ.

ನಾನು ಹುಟ್ಟಿದ್ದು ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ಲೋಹದ ಮೈ, ಮುಖಕ್ಕೆ ಬೆಳ್ಳಿ ಬಣ್ಣದ ಜಾಲರಿ, ಜಾಲರಿಯ ಹಿಂದೆ ಈರುಳ್ಳಿ ಸಿಪ್ಪೆಯಂಥ ತೆಳುವಾದ ಪದರ. ಆ ಪದರವೇ ನನ್ನ ಜೀವ. ಅದರ ಮೇಲೆ ಬಿದ್ದ ಮೊದಲ ಮಾತು "ಹಲೋ, ಹಲೋ". ಯಾರನ್ನೋ ಕರೆಯುತ್ತಿದ್ದಾರೆ, ಅವರು ಯಾಕೆ ಬರುತ್ತಿಲ್ಲ ಎಂದು ಗಾಬರಿಯಾಯಿತು. ಹಾಗೆ ಯಾರನ್ನೂ ಕರೆಯದೆ ಕೂಗುವುದು ಮನುಷ್ಯರ ಪದ್ಧತಿ ಎಂದು ತಿಳಿಯಲು ಬಹಳ ದಿನ ಹಿಡಿಯಿತು.

ಅಲ್ಲಿಂದ ನನ್ನನ್ನು ಹುಬ್ಬಳ್ಳಿ ಸೀಮೆಯ ಒಂದು ಬಟ್ಟೆ ಗಿರಣಿಗೆ ತಂದರು. ಕೆಲಸಗಾರರ ಮನೆಸಾಲಾದ ಗಿರಣಿ ಚಾಳಿನ ನಡುವೆ ಒಂದು ಹಾಲ್ ಇತ್ತು. ಸಂಜೆಯ ಶಾಲೆಯೂ ಅಲ್ಲೇ. ನನ್ನ ಜಾಗ ಅದರ ವೇದಿಕೆಯ ಮೇಲೆ. ನನಗೆ ಮನುಷ್ಯರ ಮುಖ ಪೂರ್ತಿ ಕಂಡದ್ದೇ ಕಡಿಮೆ. ಗದ್ದ, ಮೂಗಿನ ಹೊಳ್ಳೆ, ಎಲೆ ಅಡಿಕೆಯ ವಾಸನೆ, ಇಷ್ಟರಿಂದಲೇ ಜನರನ್ನು ಗುರುತಿಸುತ್ತಿದ್ದೆ. ಇನ್ನೊಂದು ಮಾತು. ಸ್ವಿಚ್ಚು ಆರಿಸಿದರೆ ನನ್ನ ದನಿ ಆರುತ್ತದೆ, ಕಿವಿ ಆರುವುದಿಲ್ಲ. ಇದು ಜನಕ್ಕೆ ಗೊತ್ತಿರಲಿಲ್ಲ.

ಶನಿವಾರ ಸಂಜೆ ಅಲ್ಲಿ ಹಾಲಿವುಡ್ಡಿನ ಹಳೆಯ ಸಿನಿಮಾ ತೋರಿಸುತ್ತಿದ್ದರು. ಹೆಚ್ಚಾಗಿ ಗಂಡ ಹೆಂಡತಿಯ ಜಗಳದ ನಗೆ ಚಿತ್ರಗಳು. ಎಂಥ ಜಗಳ ಅಂತೀರಿ! ಆಕೆ ಬಾಗಿಲು ಬಡಿಯುವಳು, ಇವನು ಟೊಪ್ಪಿಗೆ ಎಸೆಯುವನು. ಅವನ ಒಂದು ಮಾತಿಗೆ ಆಕೆಯದು ಎರಡು. ಕೋರ್ಟಿಗೆ ಹೋಗಿ ಬೇರೆಯಾಗುವರು. ಆಮೇಲೆ ಒಬ್ಬರನ್ನೊಬ್ಬರು ಬಿಟ್ಟಿರಲಾಗದೆ ಮತ್ತೆ ಮದುವೆಯಾಗುವರು. ಆ ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಗಿರಣಿ ಶಾಲೆಯ ವಾದಿರಾಜ ಕಟ್ಟಿ ಮಾಸ್ತರರು ನನ್ನ ಮುಂದೆ ನಿಂತು ಕತೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದರು. ಒಳಗೆ ಜಾಗ ಸಿಗದವರಿಗೂ ಕೇಳಲೆಂದು ಹೊರಗೆ ಚಾಳಿನ ಕಡೆಗೆ ಒಂದು ಹಾರ್ನ್ ಕಟ್ಟಿದ್ದರು.

ಮಾಸ್ತರರು ಒಳ್ಳೆಯವರು, ಪುಕ್ಕಲು. ಹಾಲ್ ಮತ್ತು ಚಾಳು ಎರಡನ್ನೂ ನೋಡಿಕೊಳ್ಳುತ್ತಿದ್ದ ಸೆಕ್ರೆಟರಿ ಬೆಣ್ಣೂರರು ಅವರಿಗೊಂದು ತಾಕೀತು ಮಾಡಿದ್ದರು. "ಹೆಣ್ಮಕ್ಕಳು ಬಂದು ಕೂತಿರತಾರ. ಮೈಕಿನ್ಯಾಗ ಸೋಡಚೀಟಿ ಅನ್ನೋ ಮಾತು ಬರಬಾರದು, ನೋಡ್ರಿ ಮಾಸ್ತರ." ಸೋಡಚೀಟಿ ಅಂದರೆ ಆ ಸೀಮೆಯಲ್ಲಿ ವಿವಾಹ ವಿಚ್ಛೇದನ. ಅಂದಿನಿಂದ ಹಾಲಿವುಡ್ಡಿನಲ್ಲಿ ಗಂಡನನ್ನು ಬಿಟ್ಟ ಹೆಂಗಸರೆಲ್ಲ ನಮ್ಮ ಹಾಲಿನಲ್ಲಿ ತವರಿಗೆ ಹೋದರು.

ಮುಂದಿನ ಸಾಲಿನ ಕುರ್ಚಿಯಲ್ಲಿ ಪ್ರತಿ ವಾರ ವತ್ಸಲಾ ನರಗುಂದ ಕೂರುತ್ತಿದ್ದಳು. ಗಿರಣಿ ಆಫೀಸಿನ ಟೈಪಿಸ್ಟು. ಅವಳ ಕತೆ ನನಗೆ ಸ್ವಿಚ್ಚು ಆರಿಸಿದ ಹೊತ್ತಿನಲ್ಲಿ, ಜನ ಆಡಿಕೊಂಡ ಮಾತಿನಿಂದ ತಿಳಿದದ್ದು. ಗಂಡ ಮಧುಕರ ನೂಲಿನ ಗೋದಾಮಿನ ಗುಮಾಸ್ತ. ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ಆಕೆಯನ್ನು ಯಾರು ಏನು ಕೇಳಿದರೂ ಉತ್ತರ ಅವನದು. ಡಾಕ್ಟರು "ಎಲ್ಲಿ ನೋವು?" ಅಂದರೆ ಅವನೇ ಹೇಳುವನು. ಬಳೆಗಾರ "ಯಾವ ಬಣ್ಣ ಬೇಕ್ರಿ ಅಕ್ಕಾರ?" ಅಂದರೆ ಅವನೇ "ಹಸಿರು" ಅನ್ನುವನು. ಕೊನೆಗೆ ಗಿರಣಿಯ ಮುಂಬಯಿ ಆಫೀಸಿನವರು ಆಕೆಯನ್ನು ದೊಡ್ಡ ಕೆಲಸಕ್ಕೆ ಕರೆದಾಗಲೂ ಆಕೆಗೆ ತಿಳಿಸದೆ, "ಆಕಿ ಬರಂಗಿಲ್ಲ" ಎಂದು ಅವನೇ ಹೇಳಿ ಕಳಿಸಿದ. ಆಕೆ ಮನೆ ಬಿಟ್ಟಳು. ವರ್ಷಗಟ್ಟಲೆ ಧಾರವಾಡದ ಕೋರ್ಟಿಗೆ ಅಲೆದು ಸೋಡಚೀಟಿ ಪಡೆದಳು. ಹಾಗಂತ ಯಾರಾದರೂ ಒಪ್ಪಬೇಕಲ್ಲ! ಮಧುಕರ ಕೇಳಿದವರಿಗೆಲ್ಲ "ತವರಿಗೆ ಹೋಗ್ಯಾಳ, ಬರ್ತಾಳ" ಅನ್ನುತ್ತಿದ್ದ. ಊರೂ ಅದನ್ನೇ ಹೇಳಿತು.

ಇದರಿಂದ ಆಕೆಗಾದ ತೊಂದರೆ ಸಣ್ಣದಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲಿ, ಕಟ್ಟಿಟ್ಟ ಟ್ರಂಕಿನ ಪಕ್ಕ ಮಲಗುತ್ತಿದ್ದಳು. ಚಾಳಿನಲ್ಲಿ ಒಂದು ಮನೆ ಕೊಡಿ ಎಂದು ಬೆಣ್ಣೂರರನ್ನು ಕೇಳಿದರೆ, ಅವರು ನನ್ನ ಎದುರಿಗೇ ನಕ್ಕು, "ಗಂಡನ ಮನಿ ಇರೋವಾಗ ನಿಮಗ ಇನ್ನೊಂದು ಮನಿ ಯಾಕ್ರೀ, ವತ್ಸಲಾಬಾಯಿ? ಇವತ್ತಿಲ್ಲ ನಾಳೆ ಹೋಗೋರ ನೀವು" ಅಂದಿದ್ದರು.

ಆ ಶನಿವಾರದ ಸಿನಿಮಾದಲ್ಲಿ ಗಂಡ ಹೆಂಡತಿಗೆ ಒಂದು ಪಿಯಾನೋ ಇತ್ತು. ಕೋರ್ಟಿನಲ್ಲಿ ಎಲ್ಲವೂ ಪಾಲಾದರೂ ಅದೊಂದು ಪಾಲಾಗಲಿಲ್ಲ. ಪಿಯಾನೋ ಅವನ ಮನೆಯಲ್ಲಿ, ನುಡಿಸಲು ಆಕೆ ದಿನಾ ಬರುತ್ತಾಳೆ, ಬಂದಾಗಲೆಲ್ಲ ಜಗಳ. ಮಾಸ್ತರರು ಎಂದಿನಂತೆ, "ಆಕಿ ಸಿಟ್ಟಾಗಿ ತವರಿಗೆ ಹೋದಳು" ಎಂದು ಶುರು ಮಾಡಿದರು.

ಮುಂದೆ ಚಾಪೆಯ ಮೇಲೆ ಕೂತಿದ್ದ ಮುದುಕಿ ಭರಮವ್ವ ಕೇಳಿದಳು, "ತವರಿಗೆ ಹ್ವಾದಾಕಿ ಕೋರ್ಟಿನ್ಯಾಗ ಯಾಕ ನಿಂತಾಳ್ರೀ?"

"ಅದು ಕೋರ್ಟಲ್ಲ ಅಜ್ಜಿ, ಅವರ ಮನಿ ಪಡಸಾಲಿ. ಆ ಕರಿ ನಿಲುವಂಗಿಯವರು ಆಕಿ ತಂದಿ."

"ತಂದಿ ಕೈಯಾಗ ಸುತ್ತಿಗಿ ಯಾಕೈತ್ರೀ?"

ಮಾಸ್ತರರ ಗದ್ದ ಬೆವೆತದ್ದು ನನಗೆ ಕಂಡಿತು. "ಮನಿ ರಿಪೇರಿ ನಡದದ."

ಅಲ್ಲಿಗೆ ಹೇಗೋ ಪಾರಾದರು. ಮುಂದೆ ಆಕೆಯನ್ನು ಮದುವೆಯಾಗಬೇಕೆಂದು ಇನ್ನೊಬ್ಬ ಬಂದ, ಕೈಯಲ್ಲಿ ಹೂಗುಚ್ಛ. ಗಂಡ ಇರುವವಳ ಮನೆಗೆ ಹೂವು ಹಿಡಿದು ಬಂದವನು ಯಾರೆಂದು ಹೇಳುವುದು? ಮಾಸ್ತರರು "ಇಂವಾ ಆಕಿ ಅಣ್ಣ" ಅಂದರು.

ಅಣ್ಣ ಆಕೆಯ ಬೆರಳಿಗೆ ಉಂಗುರ ತೊಡಿಸಿದ. ಕೈಗೆ ಮುತ್ತಿಟ್ಟ. ಹಾಲಿನಲ್ಲಿ ಹೆಂಗಸರು "ಅಯ್ಯ ಶಿವನ!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಆ ಗಳಿಗೆಯಲ್ಲಿ ನಾನು ಕಿರ್ರೆಂದು ಚೀರಿದೆ. ಯಂತ್ರದ ದೋಷ ಅಂದರು. ಅನ್ನಲಿ ಬಿಡಿ.

ವತ್ಸಲಾ ಎದ್ದು ವೇದಿಕೆ ಹತ್ತಿದಳು. "ಮಾಸ್ತರ, ಮೈಕ್ ಸ್ವಲ್ಪ ಇತ್ಲಾಗ ಕೊಡ್ರಿ."

"ಬ್ಯಾಡ್ರಿ, ವತ್ಸಲಾಬಾಯಿ. ಬೆಣ್ಣೂರ ಸಾಹೇಬ್ರು ಇಲ್ಲೇ ಕೂತಾರ."

"ಕೂಡಲಿ. ಅವರಿಗೂ ಕತಿ ತಿಳೀಲಿ."

ಮಾಸ್ತರರು ಸರಿದರು. ನಿಜ ಹೇಳಬೇಕೆಂದರೆ ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು. ಆಕೆಯ ಬಾಯಿ ನನ್ನ ಹತ್ತಿರ ಬಂತು.

"ಇಂವಾ ಆಕಿ ಅಣ್ಣ ಅಲ್ಲ. ಆ ಮುದುಕರು ಆಕಿ ತಂದಿ ಅಲ್ಲ, ನ್ಯಾಯಾಧೀಶರು. ಆಕಿ ತವರಿಗೆ ಹೋಗಿಲ್ಲ. ಆಕಿಗೆ ಸೋಡಚೀಟಿ ಆಗೇದ."

ಭರಮವ್ವ ಚಾಪೆಯಿಂದಲೇ ಕೇಳಿದಳು. "ಹಂಗಾರ ಆ ಉಂಗುರದಾಂವ ಯಾರವಾ?"

"ಲಗ್ನ ಆಗೂಣು ಅಂತ ಕೇಳಾಕ ಬಂದಾನಜ್ಜಿ."

"ಛಲೋ ಆತು ಬಿಡು ನಮ್ಮವ್ವ! ಅಣ್ಣ ಅಂದಿದ್ದಕ್ಕ ಹೊಟ್ಟಿ ತೊಳಸಿತ್ತು ನನಗ."

ಹಾಲಿಗೆ ಹಾಲೇ ನಕ್ಕಿತು. ಬೆಣ್ಣೂರರೊಬ್ಬರು ನಗಲಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದ ಹುಸೇನಸಾಬನ ಕಡೆ ತಿರುಗಿ, "ಏ ಹುಸೇನಸಾಬ, ಮೈಕ್ ಬಂದ್ ಮಾಡು!" ಎಂದು ಕೂಗಿದರು.

"ಬಟನ್ ಹಿಡಕೊಂಡೈತ್ರೀ, ಸಾಹೇಬ್ರ."

"ವೈರ್ ಕೀಳು ಹಂಗಾರ!"

"ಕಿತ್ತರ ಸಿನಿಮಾನೂ ನಿಂದರತೈತ್ರೀ. ಮಂದಿ ಕುರ್ಚಿ ಮುರದ್ರ ನಾ ಹೊಣಿ ಅಲ್ಲ ಮತ್ತ."

ನನ್ನ ಬಟನ್ನಿಗೆ ಏನೂ ಆಗಿರಲಿಲ್ಲ. ಅದು ಹುಸೇನಸಾಬನಿಗೂ ಗೊತ್ತು, ನನಗೂ ಗೊತ್ತು.

ಸಿನಿಮಾ ಮುಂದುವರಿಯಿತು. ಕೊನೆಯಲ್ಲಿ ಹಳೆಯ ಗಂಡ ಪಿಯಾನೋ ಪಕ್ಕ ನಿಂತು, ಟೊಪ್ಪಿಗೆಯನ್ನು ಕೈಯಲ್ಲಿ ತಿರುವುತ್ತ, ತನ್ನನ್ನು ಇನ್ನೊಮ್ಮೆ ಮದುವೆಯಾಗುವೆಯಾ ಎಂದು ಕೇಳಿದ. ಆಕೆ ಹೂಂ ಅಂದಳು. ದೀಪ ಹತ್ತಿದವು. ಬೆಣ್ಣೂರರು ಗೆದ್ದವರಂತೆ ಎದ್ದು ನಿಂತರು. "ಕಡೀಕ ಗಂಡನ ಹತ್ರನ ಬಂದ್ಲಲ್ಲ? ಹಂಗಾರ ಮಾಸ್ತರ ಹೇಳಿದ್ದ ಬರೋಬ್ಬರಿ."

"ಅಲ್ರಿ, ಸಾಹೇಬ್ರ," ಅಂದಳು ವತ್ಸಲಾ. ಇನ್ನೂ ನನ್ನನ್ನು ಬಿಟ್ಟಿರಲಿಲ್ಲ. "ತವರಿಗೆ ಹೋದಾಕಿನ್ನ ಯಾರೂ ಕೇಳೂದಿಲ್ಲ. ಬಾಗಲಿಗೆ ಟಾಂಗಾ ತಂದು ನಿಲ್ಲಸ್ತಾರ. ಸೋಡಚೀಟಿ ಆಗಿತ್ತು, ಅದಕ್ಕ ಇಂವಾ ಬಂದು ಕೇಳಬೇಕಾತು. ಆಕಿ ಒಲ್ಲೆ ಅಂದಿದ್ರೂ ನಡೀತಿತ್ತು. ಒಲ್ಲೆ ಅನ್ನಾಕ ಬರತಿತ್ತು, ಅದಕ್ಕ ಆಕಿ ಹೂಂ ಅಂದಿದ್ದಕ್ಕ ಕಿಮ್ಮತ್ತು. ಈಗ ಎಲ್ಲಾರೂ ಕೇಳ್ರಿ. ನಾನೂ ತವರಿಗೆ ಹೋಗಿಲ್ಲ. ನನಗೂ ಸೋಡಚೀಟಿ ಆಗೇದ. ನನಗ ಇರಾಕ ಒಂದು ಮನಿ ಬೇಕು."

ಹೊರಗಿನ ಹಾರ್ನು ಅದನ್ನು ಚಾಳಿನ ಕೊನೆಯ ಬಾಗಿಲಿನ ತನಕ ಮುಟ್ಟಿಸಿತು. ನಾನು ಒಂದಕ್ಷರವನ್ನೂ ನುಂಗಲಿಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ಕೆಲಸ ಅಂದರೆ ಅದು. ಅಷ್ಟು ಜನಕ್ಕೆ ಕೇಳಿಸಿದ್ದನ್ನು ಕೇಳಿಸಲಿಲ್ಲ ಅನ್ನಲು ಬೆಣ್ಣೂರರಿಗೂ ಆಗಲಿಲ್ಲ. ಒಂದೆರಡು ದಿನದಲ್ಲಿ ಮನೆ ಕೊಟ್ಟರು. ಮಾಡು ಸೋರುವ ಮನೆ. ಆದರೂ ಬೀಗದ ಕೈ ಆಕೆಯದು.

ಆ ಸಂಜೆ ಜನ ಚದುರುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದ. ಮಧುಕರ. ವೇದಿಕೆಯ ಕೆಳಗೆ ನಿಂತ. ಅವನು ಉತ್ತರ ಹೇಳುವ ದನಿ ನನಗೆ ಪರಿಚಯವಿತ್ತು. ಇದು ಆ ದನಿಯಲ್ಲ.

"ವತ್ಸಲಾ, ನಿನ್ನ ಒಂದು ಮಾತು ಕೇಳಲೇನು?"

ಆಕೆ ನನ್ನ ಮುಖವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಅವನು ಕೇಳಿದ, ಆಕೆ ಹೇಳಿದಳು. ಜಾಲರಿಗೆ ಒತ್ತಿದ ಆ ಕೈಯಲ್ಲಿ ನನಗೆ ಕೇಳಿಸಿದ್ದು ನಾಡಿಯ ಬಡಿತ ಮಾತ್ರ. ಕೈ ತೆಗೆದಾಗ ಅವನು ಬಾಗಿಲು ದಾಟುತ್ತಿದ್ದ. ಆಕೆಯ ಗದ್ದ ಕಂಡಿತು. ಗದ್ದದಿಂದ ಏನು ತಿಳಿದೀತು?

ಮುಂದಿನ ವಾರ ಬೆಣ್ಣೂರರು ಸಿನಿಮಾ ನಿಲ್ಲಿಸಿದರು. ಚೀರುವ ಮೈಕೆಂದು ನನ್ನನ್ನು ಒಂದು ಸೌಂಡ್ ಸರ್ವಿಸಿಗೆ ಮಾರಿದರು. ಅಲ್ಲಿಂದ ಎಷ್ಟೋ ಮದುವೆ ಮಂಟಪ, ಎಷ್ಟೋ ಚುನಾವಣಾ ಸಭೆ. ಪ್ರತಿ ಮಂಟಪದಲ್ಲೂ ವತ್ಸಲಾ, ಮಧುಕರ ಎಂಬ ಎರಡು ಹೆಸರು ಕೇಳಿಬರುತ್ತವೆಯೇ ಎಂದು ಕಾದೆ. ಬರಲಿಲ್ಲ. ಗಿರಣಿ ಮುಚ್ಚಿತು. ನನ್ನ ಪದರದ ಅಂಚು ಹರಿಯಿತು, ಕಿವಿ ಮಾತ್ರ ಆರಲಿಲ್ಲ. ಈಗ ಒಂದು ಗುಜರಿ ಅಂಗಡಿಯಲ್ಲಿ, ಮುರಿದ ಫ್ಯಾನಿನ ರೆಕ್ಕೆಗಳ ಕೆಳಗೆ ಬಿದ್ದಿದ್ದೇನೆ. ವೈರು ಕತ್ತರಿಸಿದ್ದಾರೆ. ಕತ್ತರಿಸಿಕೊಳ್ಳಲಿ. ಆ ಸಂಜೆಯ ಮಾತು ವೈರು ದಾಟಿ ಎಂದೋ ಹೋಗಿಯಾಗಿದೆ.

ಗಿರಣಿ ಕಡೆಯ ಜನ ಇಲ್ಲಿ ಸಾಮಾನು ತರುತ್ತಾರೆ, ಹಳೆಯ ಮಾತೂ ತರುತ್ತಾರೆ. ವತ್ಸಲಾ ಸಿನಿಮಾ ನೋಡಿ ಬುದ್ಧಿ ಬಂದು ಗಂಡನ ಮನೆ ಸೇರಿದಳು ಅನ್ನುತ್ತಾರೆ ಕೆಲವರು. ಮುಂಬಯಿಗೆ ಹೋಗಿ ಹಾಳಾದಳು ಅನ್ನುತ್ತಾರೆ ಕೆಲವರು. ಆಕೆಯ ಉತ್ತರವನ್ನು ತಾವೇ ಹೇಳುವ ಚಟ ಅವರಿಗೆ ಇನ್ನೂ ಹೋಗಿಲ್ಲ. ನಾನಂತೂ ಹೇಳುವುದಿಲ್ಲ. ಅವನು ಕೇಳಿದ, ಅಷ್ಟು ಬಲ್ಲೆ. ಆಕೆ ಹೂಂ ಅಂದಳೋ, ಒಲ್ಲೆ ಅಂದಳೋ, ನನಗೆ ಗೊತ್ತಿಲ್ಲ.