ಒಪ್ಪಿಗೆ ಪಡೆದ ಮಾತು

ಅಮೆರಿಕದ ವಿದೇಶಾಂಗ ಇಲಾಖೆಯ ಲೊರೇನ್ ಹ್ಯಾಸ್ಕೆಟ್‌ಗೆ ಕೆಲಸ ಹೋದ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಅಫ್ಘಾನಿಸ್ತಾನದಲ್ಲಿ ಅಮೆರಿಕನ್ನರಿಗಾಗಿ ದುಡಿದವರನ್ನು ಕರೆತರುವ ವಿಭಾಗವನ್ನೇ ವಾಷಿಂಗ್ಟನ್ನಿನ ದೊಡ್ಡವರು ಮುಚ್ಚಿದ್ದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೇಜಿನ ಸಾಮಾನನ್ನು ಡಬ್ಬಕ್ಕೆ ತುಂಬಿದಳು.

"ದೇಶ ದೇಶಕ್ಕೂ ಡೋಲು ಬಡ್ಕೊಂಡು ಹೋಗ್ತೀವಿ, ಹಿತ್ತಲ ಬಾಗ್ಲಿಂದ ವಾಪಸ್ ಬರ್ತೀವಿ. ನಮ್ಮನ್ನಾದ್ರೂ ಮುಂಬಾಗ್ಲಿಂದ ಕಳಿಸ್ತಿದಾರಲ್ಲ, ಪುಣ್ಯ," ಎಂದ ಪಕ್ಕದ ಮೇಜಿನ ಡ್ವೈಟ್. ಕೆಳಗೆ ಜನ ಆಗಲೇ ಎರಡು ಸಾಲಾಗಿ ನಿಂತಿದ್ದರು. ಬಿಟ್ಟುಹೋಗುವವರನ್ನು ಚಪ್ಪಾಳೆ ತಟ್ಟಿ ಬೀಳ್ಕೊಡುವುದು ಅಲ್ಲಿನ ಪದ್ಧತಿ.

ಅಷ್ಟರಲ್ಲಿ ಕಚೇರಿಯ ಮೊಬೈಲ್ ಬಡಿದುಕೊಂಡಿತು. ಬರ್ಯಾಲೈ. ಜಲಾಲಾಬಾದಿನಲ್ಲಿ ಅವಳಿಗೆ ದುಭಾಷಿಯಾಗಿದ್ದವನು. ಈಗ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಇಸ್ಲಾಮಾಬಾದಿನ ಬಾಡಿಗೆ ಕೋಣೆಯಲ್ಲಿ ಅಮೆರಿಕದ ವಿಮಾನಕ್ಕೆ ಕಾದು ಕೂತವನು.

"ಅಕ್ಕಾ, ನಮ್ಮ ಪಾಕಿಸ್ತಾನದ ವೀಸಾ ಮುಗಿದೋಯ್ತು. ಪೊಲೀಸ್ರು ಓಣಿ ಓಣಿ ಹುಡುಕಿ ಗಡಿ ದಾಟಿಸ್ತಿದಾರೆ. ಆ ಕಡೆ ಹೋದ್ರೆ ತಾಲಿಬಾನ್‌ನೋರು ನನ್ನ ಉಳಿಸಲ್ಲ. ಚೀನಾದ ರಸ್ತೆ ಕಂಪನಿಯೊಂದು ತಜಿಕಿಸ್ತಾನದ ದುಶಾಂಬೆಲಿ ಕೆಲಸ ಕೊಡುತ್ತಂತೆ, ಮನೆಮಂದಿನೆಲ್ಲ ಕರ್ಕೊಂಡು ಹೋಗ್ತಾರಂತೆ. ಈ ರಾತ್ರಿನೇ ಹೂಂ ಅನ್ಬೇಕು. ಚೀನಾದೋರ ಜೊತೆ ಹೋದ್ಮೇಲೆ ನಿಮ್ಮ ದೇಶ ನನ್ನ ಸೇರಿಸಲ್ಲ. ನೀವೇ ಹೇಳಿ, ಕಾಯ್ಲಾ, ಹೋಗ್ಲಾ?"

ಹೋಗು ಅಂದರೆ ಸಾಕಿತ್ತು. ಇನ್ನು ಅವಳ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ಆದರೆ ಆ ಇಲಾಖೆಯಲ್ಲಿ ಹೊರಗಿನವರಿಗೆ ಆಡುವ ಪ್ರತಿ ಮಾತೂ ಹತ್ತು ಮೇಜು ಸುತ್ತಿ ಒಪ್ಪಿಗೆ ಪಡೆದು ಬರಬೇಕಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಒಪ್ಪಿಗೆಯಿಲ್ಲದ ಒಂದು ಮಾತನ್ನೂ ಆಡಿದವಳಲ್ಲ. ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು.

"ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ," ಎಂದಳು. "ನಮ್ಮ ಜೊತೆ ನಿಂತವರನ್ನ ಅಮೆರಿಕ ಮರೆಯೋದಿಲ್ಲ."

ಅಮೆರಿಕ ಬೆಳಿಗ್ಗೆಯೇ ಮರೆತಾಗಿತ್ತು. ಅದು ಬರ್ಯಾಲೈಗೆ ಗೊತ್ತಿರಲಿಲ್ಲ.

"ಅಷ್ಟು ಸಾಕು ಅಕ್ಕಾ," ಎಂದ. ದನಿ ಹಗುರಾಗಿತ್ತು. "ಅವ್ರಿಗೆ ಬೇಡ ಅಂತೀನಿ. ಕಾಯ್ತೀವಿ."

ಕೆಳಗೆ ಕಾವಲಿನವನು ತಟ್ಟೆ ಚಾಚಿದ. ಗುರುತಿನ ಚೀಟಿಯನ್ನೂ ಮೊಬೈಲನ್ನೂ ಅದರಲ್ಲಿ ಹಾಕಿ ಸಾಲುಗಳ ನಡುವೆ ನಡೆದಳು. ಅರ್ಧ ದಾರಿಯಲ್ಲಿ, ತಾನು ಏನು ಹೇಳಿದೆನೆಂಬುದು ಅವಳ ಕಿವಿಗೇ ಬಿತ್ತು. ತಿರುಗಿ ಓಡಿದಳು.

"ಒಂದು ನಿಮಿಷ ಆ ಫೋನ್ ಕೊಡಿ."

"ಅದು ಇನ್ನು ನಿಮ್ದಲ್ಲ ಮೇಡಂ. ಲೈನೂ ಬಂದ್ ಮಾಡಿದಾರೆ."

ಬರ್ಯಾಲೈ ನಂಬರು ಅವಳ ಬಳಿ ಬೇರೆಲ್ಲೂ ಇರಲಿಲ್ಲ. ಬರಿಗೈಯಲ್ಲಿ ನಿಂತವಳನ್ನು ಕಂಡು, ಪಾಪ, ಬಿಟ್ಟುಹೋಗಲು ಮನಸ್ಸಾಗುತ್ತಿಲ್ಲವೆಂದುಕೊಂಡ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.