ಜೋಹರಾಬಿಯ ಎಡಗೈ

ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡುವ ಕೆಲಸಕ್ಕೆ ಒಂದು ಗಳಿಗೆ ಇರುತ್ತದೆ. ತುಸು ತಡವಾದರೆ ಮುದ್ದೆಯಾಗುತ್ತದೆ, ಬೇಗ ತೆಗೆದರೆ ಹಲ್ಲಿಗೆ ಕರಕರ ಅನ್ನುತ್ತದೆ. ಶೈಲಜಾ ಎರಡೂ ಕೈ ತುಂಬ ಮಂಡಕ್ಕಿ ಎತ್ತಿ ಇನ್ನೇನು ಹಿಂಡಬೇಕು, ಅಷ್ಟರಲ್ಲಿ ಹೊರಗೆ ಅವಳದೇ ಕಾರಿನ ಹಾರ್ನ್ ಮೂರು ಸಲ ಕೂಗಿತು.

"ಅಕ್ಕಾ, ಲಗೂನ ಬಾ! ಮಂಜೂರಣ್ಣ ಕಾಯಾಕತ್ಯಾನ. ಇವತ್ತ ಒಂದು ಇತ್ಯರ್ಥ ಆಗಲೇಬೇಕು."

ತಮ್ಮ ಉಮಾಪತಿಯ ದನಿ. ಕಾರಿನ ಕೀಲಿಯನ್ನು ನಿನ್ನೆ ಸಂಜೆಯೇ ಇಸಿದುಕೊಂಡು ಹೋಗಿದ್ದ.

"ಮಂಡಕ್ಕಿ ಒಗ್ಗರಣಿ ತಿಂದು ಬರ್ತೀನಲ್ಲೋ. ಕಾರು ಎಲ್ಲಿಗೆ ಓಡಿ ಹೋಗತೈತಿ?"

"ಅದನ್ನ ಓಡಸಾಕ ಅಲ್ಲೇನು ನಾ ಒದ್ದಾಡಾಕತ್ತಿದ್ದು!"

ಅವಳು ನಕ್ಕು, ಕೈಯಲ್ಲಿದ್ದಷ್ಟನ್ನು ಹಿಂಡಿ ಬುಟ್ಟಿಗೆ ಹಾಕಿ, ಒಲೆ ಆರಿಸಿದಳು. ಕೊಯ್ದಿಟ್ಟ ಉಳ್ಳಾಗಡ್ಡಿ ಹಾಗೇ ಉಳಿಯಿತು. ಭಾನುವಾರ, ಯಾರಿಗೂ ಗಡಿಬಿಡಿ ಇರಲಿಲ್ಲ. ಹೊಸ್ತಿಲಲ್ಲಿ ನೋಡಿದರೆ ಮಗಳು ಭವಾನಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಬರಲೇ ಎಂದು ಕೇಳಲಿಲ್ಲ. ಭವಾನಿ ಏನನ್ನೂ ಕೇಳುತ್ತಿರಲಿಲ್ಲ.

ಹೋದ ವರ್ಷ ಐದನೆಯ ತರಗತಿಯಲ್ಲಿ ಅವಳು ಎದ್ದು ನಿಂತು, ನಾವು ಕಾರಿನಲ್ಲಿ ಹೋಗುವಾಗ ಚಂದ್ರ ಯಾಕೆ ನಮ್ಮ ಜೊತೆಗೇ ಓಡಿ ಬರುತ್ತಾನೆ ಎಂದು ಕೇಳಿದ್ದಳು. ತರಗತಿಗೆ ತರಗತಿಯೇ ನಕ್ಕಿತು. ಪಾಠ ಮಾಡುತ್ತಿದ್ದವರೂ ನಕ್ಕರು. ಆಮೇಲೆ ನಾಲ್ಕು ಜನರೆದುರು ಅವಳ ಬಾಯಿಂದ ಪ್ರಶ್ನೆ ಎಂಬುದು ಹೊರಡಲಿಲ್ಲ. ಬದಲಿಗೆ ಶೈಲಜಾಳ ಊಟದ ಡಬ್ಬಿಯಲ್ಲಿ ಚೀಟಿಗಳು ಸಿಗತೊಡಗಿದವು. ಗೋಡೆಯ ಮೇಲಿನ ಹಲ್ಲಿಗೆ ನಿದ್ದೆ ಬಂದರೆ ಬೀಳುವುದಿಲ್ಲವೇ? ನೀರಿಗೆ ಬಣ್ಣ ಇಲ್ಲದಿದ್ದರೆ ಒದ್ದೆ ಬಟ್ಟೆ ಯಾಕೆ ಕಪ್ಪಗೆ ಕಾಣುತ್ತದೆ? ಶೈಲಜಾ ಯಲಬುರ್ಗಾ ಕಡೆಯ ಮಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಧ್ಯಾಹ್ನ ಇಂಜೆಕ್ಷನ್ನಿನ ಸಾಲು ಮುಗಿದ ಮೇಲೆ ಚೀಟಿ ಓದುತ್ತಿದ್ದಳು. ಸಂಜೆ ರೊಟ್ಟಿ ಬಡಿಯುತ್ತ ತನಗೆ ತಿಳಿದಷ್ಟು ಉತ್ತರ ಹೇಳುತ್ತಿದ್ದಳು. ಒಂದು ಚೀಟಿಯನ್ನೂ ಎಸೆದಿರಲಿಲ್ಲ, ಮಾತ್ರೆಯ ಖಾಲಿ ಡಬ್ಬವೊಂದು ಅವುಗಳಿಂದ ತುಂಬಿ ಹೋಗಿತ್ತು. ಮಗಳನ್ನು ಗದರಲಿಲ್ಲ, ಒತ್ತಾಯಿಸಲೂ ಇಲ್ಲ. ಆ ಪ್ರಶ್ನೆಗಳಲ್ಲಿ ಒಂದನ್ನಾದರೂ ನಾಲ್ಕು ಜನರೆದುರು ಮಗಳ ದನಿಯಲ್ಲೇ ಕೇಳಬೇಕು ಎಂಬುದೊಂದೇ ಅವಳ ಆಸೆ. ಅದಕ್ಕಾಗಿ ಒಂದು ವರ್ಷದಿಂದ ಕಾಯುತ್ತಿದ್ದಳು.

ಕಾರಿನ ರಗಳೆ ಹುಟ್ಟಿದ್ದು ಅವಳದೇ ಒಂದು ಮಾತಿನಿಂದ. ಕೊಪ್ಪಳದಿಂದ ಭಾನಾಪುರ, ತಳಕಲ್ ದಾಟಿ ದಿನವೂ ಮಂಗಳೂರಿಗೆ ಹೋಗಿ ಬರಬೇಕು. ಹೆದ್ದಾರಿಯಲ್ಲಿ ಟಿಪ್ಪರ್ ಲಾರಿಗಳನ್ನು ಹಿಂದೆ ಹಾಕಲು ಹೋದರೆ ಹತ್ತು ವರ್ಷದ ಆ ಬಿಳಿ ಕಾರು ಏದುಸಿರು ಬಿಡುತ್ತಿತ್ತು. ಒಂದು ದಿನ ಅರ್ಧ ಲಾರಿ ದಾಟಿದ ಮೇಲೆ ಎದುರಿಗೆ ಬಸ್ಸು ಕಂಡು ಅವಳು ಮತ್ತೆ ಹಿಂದೆ ಸರಿದಿದ್ದಳು. ಊಟ ಬಡಿಸುವಾಗ ಅದನ್ನು ಸುಮ್ಮನೆ ಹೇಳಿದಳು ಅಷ್ಟೆ. ಅಂದಿನಿಂದ ಉಮಾಪತಿ ಫೋನಿನಲ್ಲಿ ವಿಡಿಯೋ ನೋಡುತ್ತಲೇ ಊಟ, ನೋಡುತ್ತಲೇ ನಿದ್ದೆ. ಕೊನೆಗೆ ಎರಡು ದಾರಿ ಹುಡುಕಿದ್ದ: ಸೂಪರ್‌ಚಾರ್ಜರ್, ಇಲ್ಲವೆ ನೈಟ್ರಸ್.

ಮಂಜೂರನ ಗ್ಯಾರೇಜು ಅವರ ಓಣಿಯ ತುದಿಗೇ ಇತ್ತು. ಉಮಾಪತಿ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿ ಬಾನೆಟ್ ತೆರೆದ, ಒಳಗೆ ಕನ್ನಡಿಗೆ ಕಟ್ಟಿದ ಕಿನ್ನಾಳದ ಮರದ ಗಿಳಿ ಇನ್ನೂ ತೂಗುತ್ತಿತ್ತು. ಗೋಣಿಚೀಲದ ಮೇಲೆ ದಪ್ಪ ಪುಸ್ತಕದಷ್ಟು ದೊಡ್ಡದೊಂದು ಅಲ್ಯೂಮಿನಿಯಂ ಪೆಟ್ಟಿಗೆ.

"ಬರ್ರಿ ಸಿಸ್ಟರ್," ಎಂದ ಮಂಜೂರ. "ನಿಮ್ಮ ತಮ್ಮ ಇದನ್ನ ಕುಷ್ಟಗಿಯ ಗೆಳೆಯನ ಕಡಿಂದ ತಂದಾನ. ನಾನೂ ಇಷ್ಟ ವರ್ಷದಾಗ ಕೈಯಾರೆ ಮುಟ್ಟಿದ್ದು ಇದೇ ಮೊದಲು. ಇದೇ ನೋಡ್ರಿ ಸೂಪರ್‌ಚಾರ್ಜರ್."

ಅವನು ಪೆಟ್ಟಿಗೆಯ ಬದಿಗಿದ್ದ ಗಾಲಿಯನ್ನು ಒಂದೇ ಬೆರಳಿನಿಂದ ತಿರುವಿದ. ಶೈಲಜಾ ಬಗ್ಗಿ ಒಳಗೆ ನೋಡಿದಳು. ಹಗ್ಗದಂತೆ ಹೊಸೆದುಕೊಂಡ ಎರಡು ಲೋಹದ ಉರುಳೆಗಳು ಒಂದರ ತೆಕ್ಕೆಗೆ ಒಂದು ಬಂದು, ಕೂದಲೆಳೆಯ ಅಂತರದಲ್ಲಿ ಸರಿದುಹೋಗುತ್ತಿದ್ದವು. ಎಷ್ಟು ತಿರುಗಿಸಿದರೂ ಒಂದನ್ನೊಂದು ಮುಟ್ಟಲಿಲ್ಲ. ಪೆಟ್ಟಿಗೆಯ ಬಾಯಿಂದ ಅವಳ ಕೆನ್ನೆಗೆ ತಣ್ಣಗೆ ಗಾಳಿ ಬಡಿಯಿತು.

"ಅಯ್ಯ ನನ್ನ ಶಿವನ," ಎಂದಳು, ತನಗೇ ಎಂಬಂತೆ. "ಇದನ್ನ ಮನಿಷ್ಯಾರು ಮಾಡ್ಯಾರೇನು?"

"ಇದು ಎಂಜಿನ್ನಿಗೆ ಗಾಳಿ ತುರುಕತೈತಿ ಅಕ್ಕಾ," ಉಮಾಪತಿ ಉಬ್ಬಿದ. "ಎಂಜಿನ್ನಿನ ಬೆಲ್ಟೇ ಇದನ್ನ ತಿರುಗಸ್ತೈತಿ. ಇನ್ನ ನೈಟ್ರಸ್ ಅಂದ್ರ ಇದು." ಫೋನಿನಲ್ಲಿ ಚಿತ್ರ ತೋರಿಸಿದ. ನೀಲಿ ಸಿಲಿಂಡರ್.

ಶೈಲಜಾ ಫೋನನ್ನು ಹತ್ತಿರ ಹಿಡಿದಳು. ಆರು ವರ್ಷ ಕೊಪ್ಪಳದ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳಿಗೆ ಆ ನೀಲಿಯ ಗುರುತು ಸಿಗದೆ ಇದ್ದೀತೆ?

"ಲೇ ಉಮಾ, ಇದು ಮಂದಿನ್ನ ಮಲಗಿಸೋ ಗ್ಯಾಸಲ್ಲೇನೋ?"

"ಅದ. ಮಂದಿನ್ನ ಮಲಗಸ್ತೈತಿ, ಎಂಜಿನ್ನ ಎಬ್ಬಸ್ತೈತಿ! ಒಳಗಿನ ಕಾವಿಗೆ ಒಡದು ಆಮ್ಲಜನಕ ಬಿಡ್ತೈತಿ. ಬಟನ್ ಒತ್ತಿದ್ರ ಸಾಕು, ಟಿಪ್ಪರ್ ಹಿಂದ!"

 ಹೆರಿಗೆಗೆ ಬಂದ ಎಷ್ಟು ಹೆಂಗಸರ ಮುಖದ ಮೇಲೆ ಅವಳು ಆ ಮಾಸ್ಕ್ ಹಿಡಿದಿದ್ದಳು! ನೋವಿನಿಂದ ಬಿಗಿದ ಹುಬ್ಬು ಸಡಿಲಗೊಳ್ಳುವುದನ್ನು ನೋಡುತ್ತ ನಿಂತಿದ್ದಳು. ಅದೇ ಗಾಳಿ ಕಬ್ಬಿಣದೊಳಗೆ ಹೋದರೆ ಕುದುರೆಯಾಗುತ್ತದೆಯೇ?

"ಬಟನ್ ಛಲೋನ ಐತಿ, ಖರೆ ಸಿಲಿಂಡರ್ ಮುಗದ ಮ್ಯಾಲ?" ಮಂಜೂರ ತಲೆಯಾಡಿಸಿದ. "ಸಿಸ್ಟರ್ ದಿನಾ ಹೋಗೋರು. ಅದನ್ನ ತುಂಬಿಸಾಕ ತಳಕಲ್‌ನ್ಯಾಗ ಅಂಗಡಿ ಐತೇನೋ ಉಮಾಪತಿ? ಸೂಪರ್‌ಚಾರ್ಜರ್ ಹಂಗಲ್ಲ. ಎಂಜಿನ್ ಎಷ್ಟು ಓಡತೈತೋ ಅಷ್ಟೂ ಹೊತ್ತು ಸಂಗಾಟ ಇರ್ತೈತಿ."

"ಎಂಜಿನ್ ತನ್ನ ಶಕ್ತಿ ಕೊಟ್ಟು ಅದನ್ನ ತಿರುಗಿಸಿದ್ರ ದಣಿಯಂಗಿಲ್ಲೇನ್ರಿ?" ಶೈಲಜಾ ಕೇಳಿದಳು.

"ಒಂದು ಪಾಲು ಕೊಡತೈತಿ, ನಾಕು ಪಾಲು ತಗೋತೈತಿ. ನಂಬಿಕಿ ಇಲ್ಲಂದ್ರ ಬರ್ರಿ, ನಮ್ಮ ಜೋಹರಾಬಿ ಹಂತ್ಯಾಕ ಹೋಗೂಣು. ಗಾಳಿ ಏನು ಮಾಡತೈತಿ ಅಂತ ಕಣ್ಣಿಗೇ ಕಾಣತೈತಿ."

ಗ್ಯಾರೇಜಿಗೆ ಒತ್ತಿಕೊಂಡೇ ಜೋಹರಾಬಿಯ ಮಂಡಕ್ಕಿ ಭಟ್ಟಿ. ಒಳಗೆ ಹೋದರೆ ಹೊಗೆ, ಬಿಸಿ ಮರಳಿನ ವಾಸನೆ. ದೊಡ್ಡ ಬಾಣಲೆಯಲ್ಲಿ ಮರಳು ಕಾಯುತ್ತಿತ್ತು. ಕೆಳಗೆ ಗಂಗಾವತಿಯ ಮಿಲ್ಲಿನ ಭತ್ತದ ಹೊಟ್ಟಿನ ಬೆಂಕಿ. ಪಕ್ಕದಲ್ಲಿ ಗಾಳಿ ಊದುವ ಫ್ಯಾನು. ಜೋಹರಾಬಿ ಮಣೆಯ ಮೇಲೆ ಕುಳಿತಿದ್ದಳು. ಬಲಗೈ ಫ್ಯಾನಿನ ರೆಗ್ಯುಲೇಟರ್ ಮೇಲಿತ್ತು, ಎಡಗೈ ಬೆಂಕಿಗೆ ಹೊಟ್ಟು ಉದುರಿಸುವ ತಗಡಿನ ಮೇಲೆ. ಅವಳ ಮಗ ಮರಳು ಸೋಸುವ ಜಾಲರಿ ಸೌಟು ಹಿಡಿದು ಬಾಣಲೆಯ ಮುಂದೆ ನಿಂತಿದ್ದ.

"ಏನ್ ಸಿಸ್ಟರಮ್ಮ, ಚೀಲ ಖಾಲಿ ಆತೇನು?"

"ಮಂಡಕ್ಕಿಗೆ ಬಂದಿಲ್ಲ ಅಮ್ಮಾ, ನಿಮ್ಮ ಗಾಳಿ ನೋಡಾಕ ಬಂದೀವಿ."

"ಗಾಳಿ ನೋಡಾಕ! ನಲವತ್ತ ವರ್ಷದಾಗ ಯಾರೂ ಇದನ್ನ ಕೇಳಿದ್ದಿಲ್ಲ, ತಗೋ." ಅವಳು ಬಲಗೈ ತಿರುವಿದಳು, ಜೊತೆಗೇ ಎಡಗೈ ತಗಡನ್ನು ಅಲುಗಿಸಿತು.

ಬೆಂಕಿ ಘುರ್ರೆಂದಿತು. ಕೆಂಪಗಿದ್ದದ್ದು ಹಳದಿಯಾಗಿ, ಹಳದಿ ಬೆಳ್ಳಗಾಗಿ, ಬಾಣಲೆಯ ಅಂಚಿಗೆ ನಾಲಗೆ ಚಾಚಿತು. ಮಗ ಒಂದು ಸೇರು ಅಕ್ಕಿ ಸುರಿದು ಮರಳನ್ನು ಮಗುಚಿದ. ನೋಡನೋಡುತ್ತಿದ್ದಂತೆ ಅಕ್ಕಿಯ ಕಾಳುಗಳು ತಮ್ಮ ಗಾತ್ರವನ್ನೇ ಮರೆತು ಎದ್ದವು. ತಳದಲ್ಲಿ ಒಂದು ಸೇರಾಗಿದ್ದದ್ದು ಬಾಣಲೆ ತುಂಬಿ ಹೊರಗೆ ಚೆಲ್ಲಿತು. ದಿನವೂ ತಿನ್ನುವ ಮಂಡಕ್ಕಿ. ಆದರೂ ಶೈಲಜಾ ಮಿಸುಕದೆ ನಿಂತಳು. ಇಷ್ಟು ವರ್ಷ ಬರೀ ನೀರಿನಲ್ಲಿ ಅದ್ದಿ ಹಿಂಡಿದ್ದಳು, ಇದು ಹುಟ್ಟುವುದನ್ನು ನೋಡಿರಲಿಲ್ಲ.

"ನೋಡಿದ್ರೇನು! ಇದೇ ಸೂಪರ್‌ಚಾರ್ಜರ್," ಎಂದ ಮಂಜೂರ.

"ಒಂದು ಬೊಗಸಿ ಸೀಮೆಎಣ್ಣಿ ಉಗ್ಗಿದ್ರ ನೈಟ್ರಸ್," ಎಂದ ಉಮಾಪತಿ.

"ಉಗ್ಗಿ ನೋಡು, ನಿನ್ನ ಮೀಸಿ ಎಲ್ಲಿರತೈತಿ ಅಂತ ನಾ ತೋರಸ್ತೀನಿ," ಜೋಹರಾಬಿ ಅವನತ್ತ ಪೂರ್ತಿ ತಿರುಗಿ ಬೈದಳು. ಎಲ್ಲರೂ ನಕ್ಕರು.

ನಗದೆ ಇದ್ದವಳು ಭವಾನಿ ಒಬ್ಬಳೇ. ಅವಳು ಜೋಹರಾಬಿಯ ಕೈಗಳನ್ನೇ ನೋಡುತ್ತಿದ್ದಳು. ಮಗ ಎರಡನೆಯ ಸೇರು ಸುರಿದಿದ್ದ. ಫ್ಯಾನು ಅದೇ ಜೋರಿನಲ್ಲಿ ಕೂಗುತ್ತಿತ್ತು. ಬೈಯುವ ಭರದಲ್ಲಿ ಜೋಹರಾಬಿಯ ಎಡಗೈ ಮಾತ್ರ ನಿಂತುಬಿಟ್ಟಿತ್ತು. ಬೆಂಕಿ ಕಿಡಿ ಕಿಡಿಯಾಗಿ ಚದುರಿ ಕುಗ್ಗಿತು. ಕಾಳು ಅರ್ಧ ಅರಳಿ, ಅರ್ಧ ಹಾಗೇ ಗಟ್ಟಿ ಉಳಿದವು.

"ಅಮ್ಮೀ, ಹೊಟ್ಟು!" ಮಗ ಕೂಗಿದ.

"ನಿಮ್ಮ ಮಾತಿನಾಗ ಒಂದು ಸೇರು ಹಾಳಾತು ನೋಡ್ರಿ." ಅವಳು ಗೊಣಗಿ ತಗಡು ಅಲುಗಿಸಿದಳು. ಬೆಂಕಿ ಮತ್ತೆ ತುಂಬಿಕೊಂಡಿತು.

ಮಂಜೂರನಾಗಲಿ ಉಮಾಪತಿಯಾಗಲಿ ಅದನ್ನು ನೋಡಲಿಲ್ಲ, ನಗುತ್ತ ಹೊರಟ ಅವರಾಗಲೇ ಗ್ಯಾರೇಜಿನ ಬಾಗಿಲಲ್ಲಿದ್ದರು. ಶೈಲಜಾ ಹಿಂದೆ ಬಂದಾಗ ಉಮಾಪತಿ ಹೇಳುತ್ತಿದ್ದ: "ಮುಗೀತು. ಸೂಪರ್‌ಚಾರ್ಜರೇ ಖಾಯಂ. ಪೆಟ್ರೋಲಿನ ಪಂಪು, ಪೈಪು ಕಂಪನೀದು ಹೆಂಗ ಅದಾವೋ ಹಂಗ ಇರಲಿ, ಅವಕ್ಕ ಕೈ ಹಚ್ಚೂದು ಬ್ಯಾಡ. ಆರ್‌ಟಿಓ ಪರವಾನಗಿ ಬಂದ ಮರುದಿನಾನ ಅಕ್ಕ ಇದರಾಗ ಡ್ಯೂಟಿಗಿ."

ಮಂಜೂರ ಪಾನಾ ಎತ್ತಿಕೊಂಡ. ಏನೋ ಅರೆಮನಸ್ಸು ಅವನ ಮುಖದಲ್ಲಿತ್ತು, ಆದರೆ ಏನೆಂದು ಅವನಿಗೇ ಹೊಳೆಯುತ್ತಿರಲಿಲ್ಲ.

ಆಗ ಶೈಲಜಾಳ ಅಂಗೈಯೊಳಗೆ ಏನೋ ತೂರಿತು. ಮಂಡಕ್ಕಿ ಚೀಲದಿಂದ ಹರಿದ ಕಾಗದದ ಚೂರು, ಗ್ಯಾರೇಜಿನ ಕಿಟಕಿಯಲ್ಲಿ ಸಿಕ್ಕ ಪೆನ್ಸಿಲ್ ತುಂಡಿನಿಂದ ಬರೆದದ್ದು. ಮಗಳು ತಲೆ ತಗ್ಗಿಸಿ ನಿಂತಿದ್ದಳು.

ಓದಿಬಿಡಬಹುದಿತ್ತು. ಓದಿ, ತಾನೇ ಕೇಳಿದಂತೆ ಕೇಳಿಬಿಡಬಹುದಿತ್ತು. ಶೈಲಜಾ ಚೀಟಿಯನ್ನು ಬಿಚ್ಚಲಿಲ್ಲ. ಅದನ್ನು ಮಗಳ ಕೈಯಲ್ಲೇ ಇಟ್ಟು, ಆ ಪುಟ್ಟ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು. ಬೆರಳಿಗೆ ಇನ್ನೂ ಬೆಳಗಿನ ಮಂಡಕ್ಕಿಯ ಚೂರು ಅಂಟಿತ್ತು.

"ಮಂಜೂರಣ್ಣಾ, ಚೂರು ನಿಲ್ರಿ," ಎಂದಳು. "ನಮ್ಮ ಭವಾನವ್ವ ಏನೋ ಕೇಳಬೇಕಂತ."

"ಕೇಳಲಿ ಬಿಡ್ರಿ, ನಮಗೇನು ಅವಸರ," ಎಂದು ಮಂಜೂರ ಪಾನಾ ಕೆಳಗಿಟ್ಟು ಕುಕ್ಕರಗಾಲಿನಲ್ಲಿ ಕುಳಿತ. ಅವನ ಕಣ್ಣು ಈಗ ಭವಾನಿಯ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಉಮಾಪತಿ ಏನೋ ಚೇಷ್ಟೆಯ ಮಾತಿಗೆ ಬಾಯಿ ತೆರೆದವನು ಅಕ್ಕನ ಮುಖ ನೋಡಿ ಫೋನನ್ನು ಜೇಬಿಗೆ ಹಾಕಿದ.

ಗೋಡೆಯಾಚೆ ಫ್ಯಾನು ಕೂಗುತ್ತಿತ್ತು. ಭವಾನಿ ಚೀಟಿಯನ್ನು ಬಿಚ್ಚಿದಳು, ಮತ್ತೆ ಮಡಿಚಿದಳು.  ಶೈಲಜಾ ಒಮ್ಮೆಯೂ ಕೇಳವ್ವ ಎನ್ನಲಿಲ್ಲ.

"ಮಂಜೂರ ಮಾಮಾ," ಎಂದಿತು ತೆಳ್ಳಗಿನ ಒಂದು ದನಿ. ಎರಡನೆಯ ಸಲ ಅದು ಗಟ್ಟಿಯಾಯಿತು. "ಮಾಮಾ, ಗಾಳಿ ಹೆಚ್ಚ ಮಾಡಿದಾಗೆಲ್ಲಾ ಜೋಹರಾಬಿ ಅಜ್ಜಿ ಎಡಗೈಲೆ ಹೊಟ್ಟು ಹೆಚ್ಚ ಹಾಕ್ತಾಳ. ಹಾಕಲಿಲ್ಲಂದ್ರ ಬೆಂಕಿ ಕೆಡತೈತಿ. ನಮ್ಮ ಕಾರಿನಾಗ ಪೆಟ್ರೋಲ್ ಹೆಚ್ಚ ಹಾಕೋ ಆ ಎಡಗೈ ಎಲ್ಲೈತಿ?"